ಒಂದು ಲೀಟರಿನ ಕಾವಲುಗಾರ

ಇಂದ್ರವ್ವ ಸೊಸೆ ಮಾಡಿದ ಬದನೆಕಾಯಿ ಪಲ್ಯವನ್ನು ಹೊಗಳಿದ್ದೇ ಎಲ್ಲ ರಗಳೆಗೂ ಮೊದಲು.

ಹದಿನೆಂಟು ವರ್ಷಗಳಲ್ಲಿ ಆಕೆ ಸೊಸೆಯ ಪಲ್ಯವನ್ನಾಗಲಿ, ರೊಟ್ಟಿಯನ್ನಾಗಲಿ, ಬಾಗಿಲ ಮುಂದಿನ ರಂಗೋಲಿಯನ್ನಾಗಲಿ ಹೊಗಳಿದವಳಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಬೆಳಿಗ್ಗೆ ಮಗ್ಗ ಶುರುವಾಗುವ ಮೊದಲು ಇಂದ್ರವ್ವನ ಬಾಯಿ ಶುರುವಾಗುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೂ ಅದು ನಿಲ್ಲುತ್ತಿರಲಿಲ್ಲ. ಅಂಥವಳು ಒಂದು ಮಂಗಳವಾರ ಮಧ್ಯಾಹ್ನ ತುತ್ತು ಬಾಯಿಗಿಟ್ಟು, "ರಾಜೇಶ್ವರಿ, ಛಲೋ ಮಾಡೀಯವ್ವಾ. ನಿನ್ನ ಕೈ ತಣ್ಣಗಿರಲಿ" ಎಂದಳು. ರಾಜೇಶ್ವರಿ ಅಡುಗೆಮನೆಯ ಕದದ ಮರೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬುಧವಾರ ಹಾಲಿನವನಿಗೆ, "ಪಾಪ, ಎಷ್ಟ ದೂರದಿಂದ ಬರತೀಯೋ ಮಗನ" ಎಂದಳು. ಅವನು ನೀರು ಬೆರೆಸಿದ್ದಕ್ಕೆ ನಾಚಿ ಅರ್ಧ ಲೀಟರ್ ಹೆಚ್ಚಿಗೆ ಸುರಿದು ಓಡಿಹೋದ. ಗುರುವಾರ ಬಾಜೂ ಮನೆಯ ರತ್ನಾಬಾಯಿಯ ಸೀರೆಯ ಬಣ್ಣ ಒಪ್ಪುತ್ತದೆ ಎಂದಳು. ಮನೆಯಲ್ಲಿ ಹಬ್ಬದ ಕಳೆ. ಶುಕ್ರವಾರ ಮಗ ಪರಮಾನಂದನನ್ನು ಅಂಗಳದಲ್ಲಿ ತಡೆದು, ನಾಚಿಕೊಂಡು, "ಏನ್ರೀ, ಮುಧೋಳದ ಬಸ್ಸ ತಪ್ಪತೇನು?" ಎಂದು ಕೇಳಿದಳು. ಮುಧೋಳದ ಬಸ್ಸು ಹಿಡಿಯುತ್ತಿದ್ದವನು ಆಕೆಯ ಗಂಡ. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಶನಿವಾರ ರೊಟ್ಟಿ ಬುಟ್ಟಿಯಲ್ಲಿ ಟಿ.ವಿ. ರಿಮೋಟು ಸಿಕ್ಕಿತು. ಅದಕ್ಕೆ ಬೆಣ್ಣೆ ಸವರಿತ್ತು.

ಆಟೋದಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಜೇಶ್ವರಿ ಅತ್ತಳು. "ನಾಕ ದಿನಾ ಬೈಸ್ಕೊಳ್ಳಲಾರದ ಉಂಡೇನ್ರಿ. ಅದು ಬ್ಯಾನಿ ಅಂತ ನನಗೇನ ಗೊತ್ತಿತ್ತು?"

"ನಮ್ಮವ್ವ ಬೈಲಿಲ್ಲಂದ್ರ ಬ್ಯಾನಿ ಅಂತ ಸಣ್ಣ ಕೂಸಿಗೂ ತಿಳೀತೈತಿ!" ಎಂದು ಪರಮಾನಂದ ಅಬ್ಬರಿಸಿ, ಬಾಟಲಿ ಎತ್ತಿ ಗಟಗಟ ನೀರು ಕುಡಿದ.

ಅವನಿಗೆ ಸಿಟ್ಟು ಹೊಸದಲ್ಲ. ಇಂಥ ಹೆಸರಿಟ್ಟವರ ಮೇಲೇ ಅವನ ಮೊದಲ ಸಿಟ್ಟು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇಟ್ಟು ಸೀರೆ ನೇಯುವ ಅವನಿಗೆ ನೂಲು ಹರಿದರೆ ಸಿಟ್ಟು, ಕರೆಂಟು ಹೋದರೆ ಸಿಟ್ಟು, ಹೋದ ಕರೆಂಟು ಊಟಕ್ಕೆ ಕೂತಾಗ ಬಂದರೆ ಇನ್ನೂ ಸಿಟ್ಟು. ಸಾಲೆಯ ಮಾಸ್ತರರೊಬ್ಬರು ಅವನಿಗೆ ಎಂಟು ವರ್ಷವಿದ್ದಾಗಲೇ, ಸಿಟ್ಟು ಬಂದಾಗ ಬಾಯಿ ತೆಗೆಯಬೇಡ, ಒಂದು ಗ್ಲಾಸು ನೀರು ಕುಡಿ ಎಂದು ಬುದ್ಧಿ ಹೇಳಿದ್ದರು. ಅವನು ಅದರಲ್ಲಿ ಅರ್ಧ ಪಾಲಿಸಿದ. ನೀರನ್ನೂ ಕುಡಿಯುತ್ತಿದ್ದ, ಬಾಯನ್ನೂ ತೆಗೆಯುತ್ತಿದ್ದ.

ಜಮಖಂಡಿಯ ದವಾಖಾನೆಯಲ್ಲಿ ಡಾಕ್ಟರ್ ಮಧುಮತಿ ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದರು.

"ತಾಯಿಯವರ ರಕ್ತದಾಗ ಸೋಡಿಯಂ ಭಾಳ ಇಳದೈತ್ರಿ. ನೂರಾ ಮೂವತ್ತೈದರ ಮ್ಯಾಲಿರಬೇಕು. ಇವರದು ನೂರಾ ಹದಿನಾಲ್ಕು. ಅದು ಇಳದ್ರ ಮಿದುಳಿಗೆ ಬಾವು ಬರತೈತಿ. ಅದಕ್ಕ ಹಿಂಗ ಮಾತಾಡಾಕತ್ತಾರ. ಇನ್ನೂ ಇಳದಿದ್ರ ಫಿಟ್ಸ್ ಬರತಿತ್ತು. ದಿನಾ ಎಷ್ಟ ನೀರ ಕುಡೀತಿದ್ರು?"

"ನಾಕೈದ ಲೀಟರ್ ರೀ," ಎಂದ ಪರಮಾನಂದ. "ಬಾಜೂ ಮನಿ ರತ್ನಾಬಾಯಿ ಮೊಬೈಲಿನ್ಯಾಗ ಬಂದಿತ್ತಂತ. ಏಳೂದಕ್ಕ ಎರಡ ತಂಬಿಗಿ, ತಾಸಿಗೊಂದ ಗ್ಲಾಸ್. ಕಿಡ್ನಿ ತೊಳದಂಗ ಆಗತೈತಂತ."

"ಉಪ್ಪು?"

"ಅದನೂ ಆಕೀನ ಬಂದ್ ಮಾಡಿಸ್ಯಾಳ್ರಿ. ಬಿ.ಪಿ. ಐತಂತ ಆರ ತಿಂಗಳಿಂದ ಮನಿಮಂದಿಗೆಲ್ಲಾ ಸಪ್ಪನ ಅಡಿಗಿ."

"ಗುಳಿಗಿ ಯಾವದು?"

ಪರಮಾನಂದ ಅಂಗಿಯ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದ. ಆರು ವರ್ಷದ ಹಿಂದೆ ಯಾರೋ ತಾಯಿಗೆ ಬರೆದುಕೊಟ್ಟದ್ದು. ತಾಯಿಗೆ ಒಗ್ಗಿದ್ದು ಮಗನಿಗೆ ಒಗ್ಗದೇನು ಎಂದು, ಬಿ.ಪಿ. ಬಂದಾಗಿನಿಂದ ಅವನೂ ಅದರಲ್ಲೇ ದಿನಕ್ಕೊಂದು ನುಂಗುತ್ತಿದ್ದ. ಅದನ್ನು ಡಾಕ್ಟರು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಇದನ್ನ ಇವತ್ತಿಂದ ಬಂದ್ ಮಾಡ್ರಿ," ಎಂದರು ಡಾಕ್ಟರು. "ಇದು ಉಚ್ಚ್ಯಾಗ ಉಪ್ಪ ಹೊರಗ ಹಾಕೂ ಗುಳಿಗಿ. ಕೆಲವರಿಗೆ ಇದು ಮಿತಿ ಮೀರತೈತಿ. ಅದರ ಮ್ಯಾಲ ಸಪ್ಪನ ಊಟ, ಅದರ ಮ್ಯಾಲ ಐದ ಲೀಟರ್ ನೀರು."

ಪರಮಾನಂದ ಪಟ್ಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಹಂಗಾರ ಉಪ್ಪ ಕಲಿಸಿ ಒಂದ ತಂಬಿಗಿ ನೀರ ಕುಡಿಸಿಬಿಡಲ್ರಿ?"

"ಅಯ್ಯೋ, ಹಂಗ ಮಾಡೀರಿ ಮತ್ತ! ಸಾರಿಗೆ ನೀರ ಹೆಚ್ಚಾತಂದ್ರ ಸಾರ ಸಪ್ಪಗ ಆಗತೈತಿಲ್ರಿ? ಇವರದೂ ಹಂಗ ಆಗೈತಿ. ಮೊದಲ ನೀರ ಕಮ್ಮಿ ಆಗಬೇಕು. ಉಪ್ಪ ಒಮ್ಮೆಲೆ ಏರಿಸಿದ್ರ ಮಿದುಳಿಗೆ ಮತ್ತ ಬ್ಯಾರೆ ಪೆಟ್ಟ ಬೀಳತೈತಿ. ದಿನಕ್ಕ ಏಳೆಂಟ ಪಾಯಿಂಟ್ ಏರಿದ್ರ ಸಾಕು. ನಿಧಾನ ಏರಬೇಕು."

ಭಾನುವಾರ ಸಂಜೆಗೆ ಅದು ನೂರಾ ಇಪ್ಪತ್ತಕ್ಕೆ ಬಂತು. ಸೋಮವಾರ ಬೆಳಿಗ್ಗೆ ಡಾಕ್ಟರು ಪರಮಾನಂದನ ಕೈಗೆ ಒಂದು ಲೀಟರಿನ ಬಾಟಲಿ ಕೊಟ್ಟರು.

"ಸಂಜಿ ಐದಕ್ಕ ಮತ್ತ ರಕ್ತಾ ತಗೀತೇವಿ. ನೂರಾ ಇಪ್ಪತ್ತೈದ ದಾಟಿದ್ರ ನಾಳೆ ಮನಿಗೆ. ಇಳೀತಂದ್ರ ಬೆಳಗಾವಿ ಐ.ಸಿ.ಯು.ಕ್ಕ ಕಳಸಬೇಕಾಗತೈತಿ. ದಿನಕ್ಕ ಇಷ್ಟ ನೀರು. ಚಹಾ, ಹಾಲು, ಮಜ್ಜಿಗಿ ಎಲ್ಲಾ ಇದರಾಗ ಬಂತು. ಯಾರ ಏನ ತಂದಕೊಟ್ರೂ ಬಾಯಿಗೆ ಹೋಗಬಾರದು. ನೀವ ಕಾಯಬೇಕು."

ಪರಮಾನಂದ ಬಾಟಲಿಯ ಮೇಲೆ ಪೆನ್ನಿನಿಂದ ತಾಸಿಗೊಂದು ಗೆರೆ ಎಳೆದ. ಮುಧೋಳ ನಾಯಿ ಮೊಲದ ದಾರಿ ಕಾಯುವಂತೆ ತಾಯಿಯ ಮಂಚದ ಪಕ್ಕ ಸ್ಟೂಲು ಹಾಕಿ ಕೂತ. ಜೇಬಿನ ಪಟ್ಟಿಯಿಂದ ಎರಡು ಗುಳಿಗೆ ಒಟ್ಟಿಗೇ ನುಂಗಿದ. ಇಂದ್ರವ್ವ ಅವನನ್ನು ನೋಡಿ ನಕ್ಕಳು.

"ಎಷ್ಟ ಶಾಣ್ಯಾ ಅದಿಯೋ ನನ ರಾಜಾ."

ನಲವತ್ತಾರು ವರ್ಷಗಳಲ್ಲಿ ಅವ್ವ ಅವನನ್ನು ಶಾಣ್ಯಾ ಎಂದಿರಲಿಲ್ಲ. ಒಂದೇ ಒಂದು ಸಲ 'ಖೋಡಿ' ಎಂದು ಬೈದುಬಿಟ್ಟರೆ ಊರಿನ ದೇವರಿಗೆಲ್ಲ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತುಕೊಂಡ.

ಕಾಯಿ ಅವನಿಗಿಂತ ಮೊದಲೇ ಬಂತು. ಹತ್ತು ಗಂಟೆಗೆ ರತ್ನಾಬಾಯಿ ಎರಡು ಕೈಯಲ್ಲಿ ಎರಡು ಎಳನೀರು ಹಿಡಿದು ಒಳಗೆ ಬಂದಳು. ದವಾಖಾನೆಯ ಗೇಟಿಗೇ ಎಳನೀರಿನ ಗಾಡಿ ಇತ್ತು. ಗಾಡಿಯವನು ಕೊಚ್ಚಿ, ತೂತು ಮಾಡಿ, ಕೊಳವೆ ಇಟ್ಟೇ ಕೊಡುತ್ತಿದ್ದ.

"ಅಯ್ಯ ನನ್ನವ್ವಾ, ಹೆಂಗಿದ್ದಾಕಿ ಹೆಂಗಾಗೀಯಬೇ! ತುಟಿ ನೋಡ, ಸಜ್ಜಿ ರೊಟ್ಟಿ ಒಣಗಿದಂಗ ಒಣಗ್ಯಾವ. ಕುಡಿ, ಕುಡಿ."

ಪರಮಾನಂದ ನಡುವೆ ಎದ್ದು ನಿಂತ. "ಅಕ್ಕಾರ, ನೀರ ಕುಡಸಬ್ಯಾಡ ಅಂದಾರ್ರಿ."

"ಇದು ನೀರಲ್ಲೋ ಪರಮಣ್ಣಾ, ಎಳನೀರ."

"ಅದರಾಗೇನ ಕಲ್ಲ ಇರತಾವೇನ್ರಿ? ನಿಮ್ಮ ಐದ ಲೀಟರ್ ಕುಡದ ಆಕಿ ಇಲ್ಲಿ ಮಲಗ್ಯಾಳ!"

"ನಂದ್ಯಾಕ ಅಂತಿ? ಮೊಬೈಲಿನ್ಯಾಗ ಬಂದಿತ್ತು. ದೊಡ್ಡ ಡಾಕ್ಟರ್ ಫೋಟೋನೂ ಇತ್ತು." ರತ್ನಾಬಾಯಿ ಮೂಗು ಏರಿಸಿದಳು. "ಮಂದಿ ಒಳ್ಳೇದಕ್ಕ ಹೇಳಿದ್ರ ಹಿಂಗ. ತಗೋ, ಕುಡಸು."

"ವಾಪಸ್ ಒಯ್ರಿ."

"ಬ್ಯಾನಿಯವರ ಮುಂದ ತಂದದ್ದು ತುಂಬಿದ್ದಂಗ ಹೊರಗ ಒಯ್ದ್ರ ಬ್ಯಾನಿ ಬೆನ್ನ ಹತ್ತಿ ಬರತೈತಿ. ನನ್ನ ಮನ್ಯಾಗೂ ಮಕ್ಕಳ ಮರಿ ಅದಾವ. ಖಾಲಿ ಆಗೂತನ ನಾ ಇಲ್ಲಿಂದ ಏಳಾಂಗಿಲ್ಲ." ಹಾಗೆಂದು ಆಕೆ ಮಂಚದ ಕಾಲ ಬಳಿ ಪದ್ಮಾಸನ ಹಾಕಿದಳು.

ಪರಮಾನಂದ ಎಳನೀರು ಕಿತ್ತುಕೊಂಡು ಮೋರಿಗೆ ಸುರಿಯಲು ಎತ್ತಿದ. "ಎಳನೀರ ಮೋರಿಗಿ?" ಎಂದು ವಾರ್ಡಿನ ಆರೂ ಮಂಚಗಳು ಒಟ್ಟಿಗೇ ಉಸಿರೆಳೆದುಕೊಂಡವು. ಅವನಿಗೂ ಕೈ ಬರಲಿಲ್ಲ. ನೂಲಿನ ತುಂಡನ್ನೂ ಗಂಟು ಹಾಕಿ ಇಟ್ಟುಕೊಳ್ಳುವ ಮನುಷ್ಯ ಅವನು. ಸಿಟ್ಟಿನಿಂದ ಕೊಳವೆ ಕಿತ್ತೆಸೆದು, ಎರಡನ್ನೂ ತಾನೇ ಎತ್ತಿ ಕುಡಿದು, ಖಾಲಿ ಬುರುಡೆಗಳನ್ನು ರತ್ನಾಬಾಯಿಯ ಮಡಿಲಿಗೆ ಹಾಕಿದ.

"ಆತಿಲ್ರಿ? ಏಳ್ರಿ ಈಗ!"

ಏಳುವ ಬದಲು ಆಕೆ ಫೋನು ತೆಗೆದು ಓಣಿಯವರಿಗೆ ದಾರಿ ಹೇಳಿದಳು.

ಹನ್ನೊಂದೂವರೆಯ ಬಸ್ಸಿಗೆ ಓಣಿಯ ಐದು ಮಂದಿ ಹೆಂಗಸರು ಬಂದರು. ಐದು ಎಳನೀರು ಬಂದವು. ಭೇಟಿಯ ಸಮಯ ನಾಲ್ಕರಿಂದ ಐದು ಎಂದು ಬಾಗಿಲಲ್ಲಿ ಬರೆದದ್ದನ್ನು ಸಿಸ್ಟರ್ ರೇಷ್ಮಾ ತೋರಿಸಿದಳು. "ಅದು ಹೊರಗಿನವರಿಗವ್ವಾ. ನಾವ ಓಣಿಯವರು" ಎಂದರು ಅವರು. ಒಬ್ಬಳು ಇದು ಗಾಳಿ ಎಂದಳು, ಒಬ್ಬಳು ಉಷ್ಣ ಎಂದಳು. ಮತ್ತೊಬ್ಬಳು ತನ್ನ ತವರು ಅನಗವಾಡಿಯಲ್ಲಿ ಒಬ್ಬಾಕೆಗೆ ಹೀಗೇ ಆಗಿ, ಹದಿನೈದೇ ದಿನದಲ್ಲಿ ಏನಾಯಿತು ಎಂಬುದನ್ನು ಇಂದ್ರವ್ವನ ಕಿವಿಯ ಹತ್ತಿರವೇ ಕೂತು ವಿವರವಾಗಿ ಹೇಳಿದಳು.

ಪರಮಾನಂದ ಒಬ್ಬೊಬ್ಬರ ಕೈಯಿಂದಲೂ ಕಿತ್ತು ಕುಡಿದ. ನಡುನಡುವೆ ಸಿಟ್ಟು ನೆತ್ತಿಗೇರಿದಾಗ ಮಾಸ್ತರರ ಮಾತು ನೆನೆದು ನಲ್ಲಿಗೂ ಹೋಗಿಬಂದ. ರಾಜೇಶ್ವರಿ ಕಳಿಸಿದ ಬುತ್ತಿ ಬಿಚ್ಚಿದರೆ ಸಪ್ಪನೆ ಝುಣಕ, ಸಪ್ಪನೆ ಸಾರು. ಆರು ತಿಂಗಳ ರೂಢಿ ಕೈಯಿಂದ ಹೋಗಿರಲಿಲ್ಲ. ಅದರ ಮೇಲೂ ಸಿಟ್ಟು ಬಂತು. ಮತ್ತೆ ನೀರು.

ಒಂದೂವರೆಗೆ ಧರೆಪ್ಪ ಬಂದ. ಅವನೂ ನೇಕಾರ. ಎರಡು ವರ್ಷದ ಹಿಂದೆ ಪರಮಾನಂದನ ಮಗ್ಗದ ಮೋಟಾರನ್ನು 'ಎರಡ ದಿನಾ ಕೊಡು' ಎಂದು ಒಯ್ದವನು ಇನ್ನೂ ಎರಡು ದಿನ ಮುಗಿಸಿರಲಿಲ್ಲ. ಕೈಯಲ್ಲಿ ಹಾಲಿನ ಕ್ಯಾನು, ಅದರ ತುಂಬ ಮಜ್ಜಿಗೆ.

"ಚಿಂತಿ ಮಾಡಬ್ಯಾಡೋ ದೋಸ್ತ, ಉಪ್ಪ ಹಾಕಿಲ್ಲ. ನಿಮ್ಮನ್ಯಾಗ ತಿನ್ನಂಗಿಲ್ಲಲ್ಲ."

"ಮೋಟಾರ್ ಎಲ್ಲೈತಲೇ?"

"ಹಡದವ್ವ ಹಾಸಿಗಿ ಹಿಡದಾಳ, ನಿನಗ ಮೋಟಾರಿನ ಚಿಂತಿ!" ಧರೆಪ್ಪ ವಾರ್ಡಿನ ಕಡೆ ತಿರುಗಿ ನ್ಯಾಯ ಕೇಳಿದ. "ನೋಡ್ರೆಪಾ ಇವನ್ನ!" ವಾರ್ಡು ಧರೆಪ್ಪನ ಕಡೆಗೇ ತಲೆಯಾಡಿಸಿತು. ಅವನು ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿ ಇಂದ್ರವ್ವನ ಬಾಯಿಗೆ ಹಿಡಿಯುವಷ್ಟರಲ್ಲಿ ಪರಮಾನಂದ ಲೋಟವನ್ನೂ ಕ್ಯಾನನ್ನೂ ಕಸಿದ. ಕ್ಯಾನು ಖಾಲಿಯಾಗದೆ ಒಯ್ಯಲಾರೆ ಎಂದು ಧರೆಪ್ಪನೂ ರತ್ನಾಬಾಯಿಯ ಪಕ್ಕ ಕೂತ.

ಪರಮಾನಂದ ಅರ್ಧ ಕ್ಯಾನು ಕುಡಿದು ತೇಗಿದ. ತಲೆ ಸಿಡಿಯತೊಡಗಿತ್ತು. ಸಿಟ್ಟಿಗೇ ಎಂದುಕೊಂಡ.

ಮೂರಕ್ಕೆ ಮಹಾಲಿಂಗಪುರದಿಂದ ಚನಮಲ್ಲಪ್ಪ ಬಂದ. ಇಂದ್ರವ್ವನ ಅಣ್ಣ, ಪರಮಾನಂದನ ಸೋದರಮಾವ. ಐವತ್ತು ವರ್ಷ ಬೆಲ್ಲದ ಹರಾಜಿನ ಸವಾಲು ಕೂಗಿದ ಗಂಟಲು. ಮೆಲ್ಲಗೆ ಮಾತಾಡಿದರೂ ಎರಡು ಬೀದಿಯಾಚೆ ದರ ಗೊತ್ತಾಗುತ್ತಿತ್ತು. ಒಂದು ಬಗಲಲ್ಲಿ ಬೆಲ್ಲದ ಪೆಂಟೆ, ಇನ್ನೊಂದು ಬಗಲಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ಬರಣಿ.

"ಉಪ್ಪ ಕಮ್ಮಿ ಆಗೈತಂತ? ಇಡೀ ಬರಣಿ ತಿನ್ನಸ್ರಿ, ಸಂಜಿಕ್ಕ ಎದ್ದ ಕುಣೀತಾಳ!"

ರೇಷ್ಮಾ ಓಡಿಬಂದು ಬರಣಿ ಕಸಿದುಕೊಂಡಳು. "ಅಜ್ಜಾರ, ಒಮ್ಮೆಲೆ ಏರಿಸಿದ್ರ ಜೀವಕ್ಕ ಬರತೈತ್ರಿ!"

"ಉಪ್ಪೂ ಕೊಡಂಗಿಲ್ಲ, ನೀರೂ ಕೊಡಂಗಿಲ್ಲ. ಮತ್ತ ಕೊಡೂದೇನು, ಗಾಳಿ?" ಚನಮಲ್ಲಪ್ಪ ತಂಬಿಗೆಯಲ್ಲಿ ಬೆಲ್ಲ ಕುಟ್ಟಿ ಹಾಕಿ ನೀರು ತುಂಬಿ ಕಲಕಿದ. "ಮನಿಗೆ ಬಂದ ಗುರುತಿಲ್ಲದವರಿಗೂ ಬೆಲ್ಲಾ ನೀರ ಕೊಟ್ಟ ಮಾತಾಡಸೂ ಮಂದಿ ನಾವು. ನನ್ನ ತಂಗಿ ಬಾಯಾರಿ ಸಾಯಬೇಕೇನಲೇ?"

"ಮಾಮಾ, ನಿಮ್ಮ ಕಾಲ ಬೀಳತೇನಿ, ಕೊಡಬ್ಯಾಡ್ರಿ. ಐದಕ್ಕ ರಕ್ತಾ ತಗೀತಾರ. ಇಳೀತಂದ್ರ ಬೆಳಗಾವಿಗಿ ಒಯ್ಯಬೇಕಾಗತೈತಿ. ಆಕಿ ಜೀವದ ಪ್ರಶ್ನಿ ಐತಿ!"

ಅಷ್ಟರಲ್ಲಿ ಇಂದ್ರವ್ವ ಕಣ್ಣು ತೆರೆದು ಅಣ್ಣನನ್ನು ಗುರುತಿಸಿದಳು. ಬೆಳಿಗ್ಗೆಯಿಂದ ಯಾರನ್ನೂ ಗುರುತಿಸದವಳು ಸರಿಯಾಗಿ ಈ ಹೊತ್ತಿಗೇ ಗುರುತಿಸಿ, ಸಣ್ಣ ದನಿಯಲ್ಲಿ, "ಅಣ್ಣಾ, ಒಂದ ಗುಟುಕ ನೀರ ಕೊಡವಲ್ಲ ನೋಡೋ ನನ್ನ ಮಗಾ" ಎಂದಳು.

ಮುಗಿಯಿತು. ಬೆಲ್ಲದ ಸವಾಲಿನ ಗಂಟಲು ಬಿಚ್ಚಿಕೊಂಡಿತು. "ಕೇಳ್ರೆಪಾ! ಹಡದಾಕಿಗೆ ನೀರಿಲ್ಲಂತ! ತಾ ಮಾತ್ರ ಎಳನೀರ ಕುಡದ ಕುಂತಾನ!" ಮಂಚದ ಕೆಳಗಿನ ಏಳು ಖಾಲಿ ಬುರುಡೆಗಳು ಸಾಕ್ಷಿ ಹೇಳಿದವು. ಪಕ್ಕದ ವಾರ್ಡಿನವರು ಬಂದರು. ಔಷಧದ ಅಂಗಡಿಯವನು ಬಂದ. ಎಳನೀರಿನ ಗಾಡಿಯವನೂ ಮಚ್ಚು ಹಿಡಿದುಕೊಂಡೇ ಬಂದು, "ಮುಂಜಾನಿಂದ ನಾನೂ ನೋಡಾಕತ್ತೇನಿ, ಎಲ್ಲಾ ಇವನ ಹೊಟ್ಟಿಗೇ" ಎಂದ. ಅವನ ಮಾರಾಟವೆಲ್ಲ ಆ ಹೊಟ್ಟೆಯಿಂದಲೇ ಎಂಬುದು ಯಾರಿಗೂ ಹೊಳೆಯಲಿಲ್ಲ.

ಪರಮಾನಂದ ಸಾರು, ಉಪ್ಪು, ಮಿದುಳು, ನೂರಾ ಇಪ್ಪತ್ತೈದು ಎಂದು ಕೂಗಿ ಕೂಗಿ ಹೇಳಿದ. ಕೇಳುವವರಿಗೆ ಕಿವಿಯಿದ್ದರೆ ತಾನೆ? ಕೊನೆಗೆ ತಂಬಿಗೆಯನ್ನು ಮಾವನ ಕೈಯಿಂದ ಕಿತ್ತು, ತಾಯಿಯ ಮಂಚಕ್ಕೆ ಬೆನ್ನು ಕೊಟ್ಟು ನಿಂತು, ಎಲ್ಲರೆದುರಿಗೇ ಅಷ್ಟನ್ನೂ ಕುಡಿದ. ರತ್ನಾಬಾಯಿ ಅದನ್ನು ಮೊಬೈಲಿನಲ್ಲಿ ಹಿಡಿದಳು. ಮುಂದೆ ಗಟಗಟ ಕುಡಿಯುವ ಮಗ, ಹಿಂದೆ ತುಟಿ ಸವರಿಕೊಳ್ಳುವ ತಾಯಿ. ಎರಡು ನಿಮಿಷಕ್ಕೆ ಅದು ಓಣಿಯ ಗುಂಪಿಗೆ, ಐದು ನಿಮಿಷಕ್ಕೆ ರಬಕವಿಗೆ, ಹತ್ತು ನಿಮಿಷಕ್ಕೆ ತೇರದಾಳದ ಬೀಗರಿಗೆ ಮುಟ್ಟಿತು.

ರಾಜೇಶ್ವರಿಯ ಫೋನು ಬಂತು. "ಏನ್ರೀ ಇದು? ಮಂದಿ ಮಾರಿ ಹೆಂಗ ನೋಡಲಿ ನಾ?"

"ನೋಡಬ್ಯಾಡ! ಮನ್ಯಾಗಿನ ಉಪ್ಪಿನ ಡಬ್ಬಿ ನೋಡು!" ಎಂದು ಪರಮಾನಂದ ಕಿರುಚಿ ಫೋನನ್ನು ಗೋಡೆಗೆ ಎಸೆಯಲು ಕೈ ಎತ್ತಿದ. ಹೊಸ ಫೋನು. ಕೈ ಇಳಿಸಿ, ನೀರು ಕುಡಿದ.

ನಾಲ್ಕರ ಹೊತ್ತಿಗೆ ಹೊಟ್ಟೆ ತೊಳಸಿತು. ಕಾಲು ಸೆಳೆಯಿತು. ಐದಕ್ಕೆ ರೇಷ್ಮಾ ಬಂದು ಇಂದ್ರವ್ವನ ರಕ್ತ ತೆಗೆದುಕೊಂಡು ಹೋದಳು. ಬಾಟಲಿಯ ನೀರು ಸರಿಯಾಗಿ ಐದರ ಗೆರೆಯಲ್ಲೇ ನಿಂತಿತ್ತು. ಅದೊಂದನ್ನು ನೋಡಿ ಪರಮಾನಂದ ಸ್ಟೂಲಿನ ಮೇಲೆ ಕುಸಿದು ಕೂತ.

ಆಮೇಲೆ ಅರ್ಧ ತಾಸು ಎದುರಿನ ಗೋಡೆಯ ಹಲ್ಲಿಯನ್ನು ನೋಡುತ್ತ ಕೂತ. ನಂತರ ಮೆಲ್ಲಗೆ ತಿರುಗಿ, "ರತ್ನಕ್ಕಾ" ಎಂದ.

ರತ್ನಾಬಾಯಿ ಬುರುಡೆಯೊಂದನ್ನು ಅಡ್ಡ ಹಿಡಿದು ಸಿದ್ಧಳಾದಳು.

"ನಿಮ್ಮದೇನ ತಪ್ಪರೀ ಅಕ್ಕಾ. ಒಳ್ಳೇ ಮನಸ್ಸಿಂದ ಹೇಳಿದ್ರಿ. ನಿಮ್ಮ ಮೊಬೈಲಿನ್ಯಾಗ ಬರೂದೆಲ್ಲಾ ನನಗೂ ಕಳಸ್ರಿ. ದಿನಾ ಓದತೇನಿ."

ಪರಮಾನಂದ ಮಾವನ ಕಾಲು ಮುಟ್ಟಿ ನಮಸ್ಕರಿಸಿದ. "ಹಿರೇರು ಬಂದು ಬೈದ್ರಿ. ಅದು ನಮ್ಮ ಭಾಗ್ಯ ರೀ."

"ಈಗ ಮನಶ್ಯಾ ಆದಿ ನೋಡು!" ಚನಮಲ್ಲಪ್ಪನ ಕಣ್ಣು ತುಂಬಿ ಬಂದವು.

"ಧರೆಪ್ಪಾ, ಆ ಮೋಟಾರ್ ನೀನ ಇಟ್ಕೋಪಾ. ಇನ್ನೊಂದ ಬೇಕಂದ್ರ ಅದನೂ ಬಿಚ್ಚಿಕೊಂಡ ಹೋಗು."

ಧರೆಪ್ಪ ಎರಡು ವರ್ಷದಲ್ಲಿ ಮೊದಲ ಬಾರಿಗೆ ತಲೆ ತಗ್ಗಿಸಿದ. ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ತಾಯಿಯ ಪುಣ್ಯ, ಮಗನಿಗೆ ಬುದ್ಧಿ ಬಂತು ಎಂದರು. ರತ್ನಾಬಾಯಿ ಮತ್ತೊಂದು ವಿಡಿಯೊ ತೆಗೆದು, ಮೊದಲಿನದನ್ನು ಅಳಿಸದೆ, ಅದರ ಕೆಳಗೇ ಹಾಕಿದಳು.

ಆರೂವರೆಗೆ ಡಾಕ್ಟರ್ ಮಧುಮತಿ ರಿಪೋರ್ಟು ಹಿಡಿದು ನಗುತ್ತ ಬಂದರು. "ನೂರಾ ಇಪ್ಪತ್ತಾರು! ಛಲೋ ಕಾದೀರಿ ಪರಮಾನಂದ ಅವರ. ನಾಳೆ ಮನಿಗೆ ಕರಕೊಂಡ ಹೋಗ್ರಿ. ಆದ್ರ ಇನ್ನೊಂದ ವಾರ ಅಜ್ಜಿಗೆ ದಿನಕ್ಕ ಒಂದ ಲೀಟರ್ ಅಷ್ಟ."

"ಆಗಲ್ರೀ ತಾಯಿ. ನಿಮ್ಮ ದವಾಖಾನಿ ಸ್ವರ್ಗ ಇದ್ದಂಗೈತಿ. ನಿಮ್ಮ ಚಹಾನೂ ಅಮೃತ" ಎಂದು ಪರಮಾನಂದ ಕೈ ಮುಗಿದ.

ಆಗ ಮಂಚದ ಮೇಲಿಂದ ಗುಡುಗು ಕೇಳಿಸಿತು.

"ಲೇ ಖೋಡಿ! ಏನ ಒದರಾಕತ್ತೀಯೋ?"

ಇಂದ್ರವ್ವ ಎದ್ದು ಕೂತಿದ್ದಳು. ಕಣ್ಣು ಬೆಂಕಿ. ಪೂರ್ತಿ ಮೊದಲಿನ ಇಂದ್ರವ್ವ. ಮುಂಜಾನೆಯಿಂದ ಪರಮಾನಂದ ಯಾವ ಬೈಗುಳಕ್ಕಾಗಿ ಜೀವ ಹಿಡಿದುಕೊಂಡಿದ್ದನೋ ಆ ಬೈಗುಳ ಬಂದಿತ್ತು. ಕೇಳಿಸಿಕೊಳ್ಳಬೇಕಾದವನು ಮಾತ್ರ ಹಲ್ಲಿಗೆ ಕೈ ಬೀಸುತ್ತಿದ್ದ.

"ಡಾಕ್ಟರಬಾಯಿ, ನನ್ನ ಮಗನ ರಕ್ತಾ ತಗೀರಿ!"

"ಅಜ್ಜಿ, ನೀವ ಮಲಗ್ರಿ. ಅವರು ಆರಾಮ ಅದಾರ."

"ಆರಾಮ? ಹುಟ್ಟಿದಾಗಿಂದ ಇವನು ಯಾರಿಗೂ ಛಲೋ ಅಂದಿಲ್ಲ. ಧರ್‍ಯಾಗ ಮೋಟಾರ್ ಇಟ್ಕೋ ಅಂದಾನ! ನನ್ನ ಮಗಾ ಶುದ್ಧೀಲಿದ್ದಾಗ ಹಂಗ ಅನ್ನೂದುಂಟೇನು? ಇವಗ ಏನೋ ಆಗೈತಿ!"

ಎಲ್ಲರೂ ನಕ್ಕರು. ಮುದುಕಿಗೆ ಇನ್ನೂ ಪೂರಾ ಶುದ್ಧಿ ಬಂದಿಲ್ಲ ಎಂದು ರತ್ನಾಬಾಯಿ ಪಿಸುಗುಟ್ಟಿದಳು. ಅಷ್ಟರಲ್ಲಿ ಪರಮಾನಂದ ಸ್ಟೂಲಿನಿಂದ ಎದ್ದು, ಮೂಲೆಯಲ್ಲಿದ್ದ ಸಲೈನಿನ ಕಬ್ಬಿಣದ ಕಂಬದ ಭುಜ ಹಿಡಿದು, ಬಹಳ ಗೌರವದಿಂದ ಸ್ಟೂಲು ತೋರಿಸಿದ.

"ಕುಂದರ್ರಿ ಕಾಕಾ. ಮುಂಜಾನಿಂದ ನಿಂತೀರಿ. ಕಾಲ ನೋಯಂಗಿಲ್ಲೇನು?"

ನಗು ನಿಂತಿತು. ರೇಷ್ಮಾ ಸೂಜಿ ತಂದಳು.

ಪರಮಾನಂದನ ಸೋಡಿಯಂ ನೂರಾ ಹತ್ತೊಂಬತ್ತು ಇತ್ತು. ಡಾಕ್ಟರು ಮಂಚದ ಕೆಳಗಿನ ಬುರುಡೆ, ಕ್ಯಾನು, ತಂಬಿಗೆಗಳನ್ನು ನೋಡಿದರು. ಅವನ ಜೇಬಿನಲ್ಲಿ ಕೈಹಾಕಿ ಗುಳಿಗೆಯ ಪಟ್ಟಿ ತೆಗೆದರು. ಅದರಲ್ಲಿ ಒಂದೂ ಉಳಿದಿರಲಿಲ್ಲ.

"ಇದನ್ನ 'ಬಂದ್ ಮಾಡ್ರಿ' ಅಂದಿದ್ನಲ್ರಿ?"

"ಅವ್ವಂದ ಬಂದ್ ಮಾಡೇನ್ರಿ," ಎಂದ ಪರಮಾನಂದ ಮುಗುಳ್ನಗುತ್ತ. "ಒಗ್ಯಾಕ ಮನಸ್ಸ ಬರಲಿಲ್ಲ. ಶನಿವಾರದಿಂದ ಆಕಿ ಪಾಲಿಂದೂ ನಾನ ತಗೋತೇನಿ."

ಅವನನ್ನು ಪಕ್ಕದ ಮಂಚಕ್ಕೆ ಹಾಕಿದರು. ಕಾಕಾ ಎಂದು ಕರೆಸಿಕೊಂಡ ಕಂಬವೇ ತಲೆಯ ಹತ್ತಿರ ಬಂದು ನಿಂತಿತು. ಮರುದಿನ ಬಿಡುಗಡೆಯಾದರೂ ಇಂದ್ರವ್ವ ಮನೆಗೆ ಹೋಗಲಿಲ್ಲ. ಆ ಒಂದು ಲೀಟರಿನ ಬಾಟಲಿ ಹಿಡಿದು, ಅದೇ ಸ್ಟೂಲಿನ ಮೇಲೆ ಕೂತಳು.

"ಈಗ ನಾ ಕಾಯತೇನಿ. ಒಂದ ಹನಿ ಇವನ ಬಾಯಿಗೆ ಹೋಗಗೊಡೂದಿಲ್ಲ."

ಮಂಗಳವಾರ ಪೂರ್ತಿ ಪರಮಾನಂದ ವಾರ್ಡಿನವರಿಗೆಲ್ಲ ಒಳ್ಳೆಯದಾಗಲಿ ಎಂದು ಹರಸುತ್ತ ಮಲಗಿದ್ದ. ಡಾಕ್ಟರು ಬಂದಾಗಲೆಲ್ಲ ಇಂದ್ರವ್ವ ವರದಿ ಕೊಡುತ್ತಿದ್ದಳು. "ಇನ್ನೂ ಕೈ ಮುಗಿಯಾಕತ್ತಾನ್ರಿ. ಗುಣಾ ಕಾಣವಲ್ದು." ಅವನು ಬೈದ ದಿನ ಮನೆಗೆ ಕಳಿಸೋಣ ಎಂದು ಡಾಕ್ಟರೂ ನಕ್ಕು ಹೋದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಪರಮಾನಂದ ಕಣ್ಣು ಬಿಟ್ಟ. ತಲೆ ಹಗುರಾಗಿತ್ತು. ಗೋಡೆಯ ಮೇಲಿನದು ಹಲ್ಲಿ, ಪಕ್ಕದಲ್ಲಿರುವುದು ಕಂಬ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಮೋಟಾರು ನೆನಪಾಯಿತು. ಹಿತವಾಗಿ, ಬೆಚ್ಚಗೆ, ಅಂಗಾಲಿನಿಂದ ಸಿಟ್ಟು ಏರತೊಡಗಿತು. ತಾಯಿಯ ಕಡೆ ತಿರುಗಿದ.

ಸ್ಟೂಲಿನ ಕೆಳಗೆ ಎಳನೀರಿನ ಖಾಲಿ ಬುರುಡೆಗಳು. ಒಂದು, ಎರಡು, ನಾಲ್ಕು... ಹನ್ನೊಂದು.

"ಕುಡಿಬೇ ಇಂದ್ರಕ್ಕಾ, ನಿನ್ನ ಮಗಗಂತ ತಂದದ್ದು. ತುಂಬಿದ್ದಂಗ ವಾಪಸ್ ಒಯ್ಯಾಕ ಬರೂದಿಲ್ಲ" ಎನ್ನುತ್ತಿದ್ದಳು ರತ್ನಾಬಾಯಿ.

"ಇವಗ ಕೊಡಬಾರದವ್ವಾ. ಚೆಲ್ಲಾಕೂ ಬರೂದಿಲ್ಲ. ತಾ ಇಲ್ಲಿ" ಎಂದು ಇಂದ್ರವ್ವ ಹನ್ನೆರಡನೆಯದಕ್ಕೆ ಕೈ ಚಾಚಿದಳು.

ಪರಮಾನಂದ ಕಂಬ ಅಲುಗಾಡುವಂತೆ ಎದ್ದು ಕೂತ. "ಏಯ್! ತಗೀರಿ ಅದನ್ನ! ಯಾರವರು ಆಕಿಗೆ ಕುಡಿಸಿದವರು? ಹೊರಗ ನಡೀರಿ ಎಲ್ಲಾರೂ! ಖೋಡಿಗೋಳ್ರಾ!"

ವಾರ್ಡೆಲ್ಲ ಚಪ್ಪಾಳೆ ತಟ್ಟಿತು. "ಬೈದ! ಬೈದ! ಆರಾಮ ಆದ!" ಎಂದು ಚನಮಲ್ಲಪ್ಪ ಸವಾಲಿನ ಗಂಟಲಲ್ಲಿ ಸಾರಿದ. ರೇಷ್ಮಾ ಡಾಕ್ಟರಿಗೆ ಸಿಹಿಸುದ್ದಿ ಹೇಳಲು ಓಡಿದಳು. ಪರಮಾನಂದ ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಅವನು ಕೈ ತೋರಿಸಿದ ಕಡೆ ಯಾರೂ ನೋಡಲಿಲ್ಲ.

ಇಂದ್ರವ್ವ ಕೊನೆಯ ಹನಿಯವರೆಗೂ ಹೀರಿ, ಬುರುಡೆ ಕೆಳಗಿಟ್ಟು, ರತ್ನಾಬಾಯಿಯ ಗಲ್ಲ ಸವರಿ, ಬೆಲ್ಲದಂಥ ದನಿಯಲ್ಲಿ ಹೇಳಿದಳು:

"ಭಾಳ ಛಲೋ ಐತೆವ್ವಾ ಎಳನೀರ. ನಿನ್ನ ಕೈ ತಣ್ಣಗಿರಲಿ."